ಮೇಣ ಹಚ್ಚಿದ ಡೇರೆ

ತೊಗರಿ ಹೂವಿಗೆ ಬಂದ ಹೊತ್ತಿನಲ್ಲಿ ನಾನೂ ನನ್ನ ಗಂಡನೂ ಸಿಂದಗಿ ಕಡೆಯ ಒಂದು ಊರ ಹೊರಗೆ, ಬೀಳು ಬಿಟ್ಟ ಹೊಲವೊಂದರಲ್ಲಿ ಅರವತ್ತು ಜೇನುಪೆಟ್ಟಿಗೆ ಇಳಿಸಿದ್ದೆವು. ಹೊಲದ ಮೂರೂ ಕಡೆ ಎದೆಯುದ್ದ ತೊಗರಿ, ಕಣ್ಣು ಹರಿದಷ್ಟು ದೂರವೂ ಹಳದಿ. ನಾಲ್ಕನೆಯ ಕಡೆ ಒಂದು ಬೇವಿನ ಮರ, ಅದರ ಬುಡದಲ್ಲಿ ನಮ್ಮ ಡೇರೆ.

ಹೂವಿನ ಬೆನ್ನು ಹತ್ತಿ ಹೋಗುವ ಕೆಲಸ ನಮ್ಮದು. ಮಳೆಗಾಲ ಕಳೆದ ಮೇಲೆ ಸಿಂದಗಿಯ ತೊಗರಿ. ಅದು ಮುಗಿಯುತ್ತ ಬಂದಂತೆ ಇಂಡಿ ತಾಲೂಕಿನ ನಿಂಬೆ ತೋಟಗಳು. ಬಿಸಿಲು ಏರುವ ಮುಂಚೆ ಬಾಗೇವಾಡಿ ಕಡೆಯ ಸೂರ್ಯಕಾಂತಿ ಹೊಲಗಳು. ಕಡು ಬೇಸಿಗೆಯಲ್ಲಿ ಮತ್ತೆಲ್ಲೂ ಹೂವಿಲ್ಲದಾಗ ಮುದ್ದೇಬಿಹಾಳದ ಕಾಲುವೆ ದಂಡೆ. ವರ್ಷದ ಎಂಟು ತಿಂಗಳು ಹೊಲದಲ್ಲೇ ವಾಸ. ಮಳೆಗಾಲಕ್ಕೆ ಮಾತ್ರ ಮನಗೂಳಿಯ ಮನೆ.

ಈ ಕೆಲಸ ಮೊದಲು ಹಿಡಿದವಳು ನಮ್ಮ ಅಕ್ಕ. ಡೇರೆಯೂ ಅವಳದೇ. ಆಲಮಟ್ಟಿಯ ಕಾಲುವೆ ಕೆಲಸದ ಕ್ಯಾಂಪಿನಲ್ಲಿ ಎಷ್ಟೋ ವರ್ಷ ನಿಂತು ಕೊನೆಗೆ ಗುಜರಿಗೆ ಬಂದಿದ್ದ ದಪ್ಪ ಕ್ಯಾನ್ವಾಸ್ ಕಿತ್ತಾನಿನ ಡೇರೆ. ಒಳಗಡೆ ಹಳದಿ ಅರಿವೆಯ ಇನ್ನೊಂದು ಪದರ. ಅಕ್ಕ ಅದನ್ನು ಮನೆಗೆ ತಂದು, ಅಂಗಳದಲ್ಲಿ ಹರವಿ, ದಬ್ಬಣ ಹಿಡಿದು ಹೊಲಿಯುತ್ತ ಕೂತಿದ್ದು ನನಗೆ ನೆನಪಿದೆ. ಆಮೇಲೆ ಜೇನುಮೇಣವನ್ನು ಅಗಸೆ ಎಣ್ಣೆಯಲ್ಲಿ ಕರಗಿಸಿ, ಬಿಸಿ ಇರುವಾಗಲೇ ಚಾವಣಿಗೆ ಬಳಿದಳು. ಪ್ರತಿ ಮಳೆಗಾಲ ಮುಗಿದ ಮೇಲೂ ಮತ್ತೊಂದು ಸಲ ಬಳಿಯುತ್ತಿದ್ದಳು. ಹಾಗಾಗಿ ಅದರ ಮೇಲೆ ಬಿದ್ದ ನೀರು ಕೆಸುವಿನ ಎಲೆಯ ಮೇಲೆ ಬಿದ್ದ ಹಾಗೆ ಜಾರಿಹೋಗುತ್ತಿತ್ತು. ಮುಂಜಾನೆ ಬಿಸಿಲು ಬಿದ್ದು ಚಾವಣಿ ಬೆಚ್ಚಗಾದರೆ ಮೇಣದ ವಾಸನೆ ಏಳುತ್ತಿತ್ತು. ಆ ವಾಸನೆಗೆ ಒಂದಿಷ್ಟು ಜೇನುಹುಳಗಳು ಬಂದು ಚಾವಣಿಯ ಮೇಲೆ ಕೂತು ಕೆದಕುತ್ತಿದ್ದವು. ಒಳಗೆ ಮಲಗಿದ ನಮಗೆ ಹಳದಿ ಬೆಳಕಿನಲ್ಲಿ ಅವುಗಳ ನೆರಳು ಓಡಾಡುವುದು ಕಾಣುತ್ತಿತ್ತು. ಮದುವೆಗೆ ಮುಂಚೆ ನಾನೂ ಅಕ್ಕನೂ ಅದರಲ್ಲಿ ಎಷ್ಟೋ ಹಂಗಾಮು ಕಳೆದೆವು. ಅವಳು ಚಹಾಕ್ಕಿಡುವ ತನಕ ನಾನು ಏಳುತ್ತಿರಲಿಲ್ಲ. ಆ ನೆರಳುಗಳನ್ನೇ ನೋಡುತ್ತ ಬಿದ್ದಿರುತ್ತಿದ್ದೆ.

ಡೇರೆಗೆ ತೇಪೆಗಳೂ ಬಹಳ. ಇಂಡಿಯಲ್ಲಿ ನಿಂಬೆಯ ಮುಳ್ಳು ಸೀಳಿದ ಕಡೆ ಖಾಕಿ ಬಟ್ಟೆಯ ತೇಪೆ. ಬಾಗೇವಾಡಿಯಲ್ಲಿ ಸುಂಟರಗಾಳಿ ಹಗ್ಗ ತೂರಿಸುವ ಕಣ್ಣುಗಳನ್ನೇ ಕಿತ್ತೊಯ್ದಾಗ ಹೊಲಿದ ಚಕ್ಕಳದ ತುಂಡುಗಳು. ಮುದ್ದೇಬಿಹಾಳದಲ್ಲಿ ಯಾರದೋ ಆಕಳು ಉಪ್ಪಿನ ರುಚಿಗೆ ಜಗಿದ ಒಂದು ಮೂಲೆ. ಅದನ್ನು ಮಾತ್ರ ಅಕ್ಕ ಹೊಲಿಯದೆ ಹಾಗೇ ಬಿಟ್ಟಿದ್ದಳು. ಕೇಳಿದರೆ, ಆಕಳಿಗೂ ಪಾಲು ಇರಲಿ ಅನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಕಾಲುವೆ ದಂಡೆಯಲ್ಲಿ ಒಂದೇ ಒಂದು ಹುಳ ಅಕ್ಕನ ಮುಂಗೈಗೆ ಕಡಿಯಿತು. ಅದುವರೆಗೆ ಅವಳಿಗೆ ಸಾವಿರಾರು ಸಲ ಕಡಿದಿರಬೇಕು. ಮುಳ್ಳನ್ನು ಉಗುರಿನಿಂದ ಕೆರೆದು ಒಗೆದು ಕೆಲಸ ಮುಂದುವರಿಸುವುದೇ ಅವಳ ರೂಢಿ. ಅವತ್ತು ಹಾಗಾಗಲಿಲ್ಲ. ನೋಡನೋಡುತ್ತಲೇ ಮೈಯೆಲ್ಲ ದದ್ದು ಎದ್ದಿತು, ತುಟಿ ಬಾತಿತು, ಉಸಿರು ಗಂಟಲಲ್ಲೇ ನಿಂತಿತು. ಮೋಟರ್ ಸೈಕಲ್ ಮೇಲೆ ನಡುವೆ ಕೂರಿಸಿಕೊಂಡು ಮುದ್ದೇಬಿಹಾಳದ ದವಾಖಾನೆಗೆ ಒಯ್ದೆವು. ಸೂಜಿ ಮಾಡಿ ಉಳಿಸಿದರು. ಕೆಲವರ ಮೈ ಹೀಗೆ ವರ್ಷಗಟ್ಟಲೆ ತಡೆದುಕೊಂಡು ಒಂದು ದಿನ ತಿರುಗಿಬೀಳುತ್ತದೆ, ಇನ್ನು ಮೇಲೆ ಹುಳಗಳ ಹತ್ತಿರ ಹೋಗಲೇಬಾರದು ಎಂದು ಡಾಕ್ಟರು ಹೇಳಿದರು. ಅಂದಿನಿಂದ ಅಕ್ಕ ಮನಗೂಳಿಯಲ್ಲೇ ಇದ್ದು, ನಾವು ಕಳಿಸಿದ ಜೇನುತುಪ್ಪ ಸೋಸಿ ಬಾಟಲಿಗೆ ತುಂಬುತ್ತಾಳೆ. ಸಂಜೆ ಫೋನ್ ಮಾಡುತ್ತಾಳೆ. ಮೊದಲು ಹುಳಗಳ ಬಗ್ಗೆ ಕೇಳುತ್ತಾಳೆ. ಎರಡನೆಯ ಪ್ರಶ್ನೆ ಯಾವಾಗಲೂ ಒಂದೇ: “ಡೇರೆ ಹೆಂಗೈತಿ?”

ನನ್ನ ಗಂಡನಿಗೆ ಆ ಡೇರೆ ಎಂದರೆ ಹೊರೆ. ಒದ್ದೆಯಾದರೆ ಇಬ್ಬರು ಎತ್ತಲಾಗದಷ್ಟು ಭಾರ. ಈಗ ಕೈಚೀಲದಲ್ಲಿ ಹಿಡಿಸುವಂಥ ನೈಲಾನ್ ಡೇರೆ ಬಂದಿವೆ ಎಂದು ಪ್ರತಿ ಸಲ ಗಂಟು ಕಟ್ಟುವಾಗಲೂ ಅನ್ನುತ್ತಿದ್ದರು. ನಾನು ಕೇಳಿಸದವಳ ಹಾಗೆ ಹಗ್ಗ ಬಿಗಿಯುತ್ತಿದ್ದೆ.

ಆ ದಿನ ಮಧ್ಯಾಹ್ನ ಇಳಿಹೊತ್ತಿನಲ್ಲಿ ಹೊಲದ ಯಜಮಾನರು ಬಂದರು. ವಯಸ್ಸಾದವರು, ನಮ್ಮನ್ನು ಮನೆಯ ಮಕ್ಕಳಂತೆ ಕಂಡವರು. ನಿಂತೇ ಮಾತಾಡಿದರು.

“ತಂಗಿ, ತೊಗರಿಗೆ ಕೀಡಿ ಬಿದ್ದಾವು. ನಾಳೆ ಮುಂಜಾನೆ ಡ್ರೋನ್ ತರಿಸಿ ಎಲ್ಲಾರೂ ಕೂಡೇ ಎಣ್ಣಿ ಹೊಡಸಾಕತ್ತಾರ. ನಿನಗ ಹೇಳದ ಇರೂದು ಬರೋಬ್ಬರಿ ಅಲ್ಲಂತ ಬಂದೇನಿ.”

ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಅನ್ನುತ್ತಾರೆ. ತೊಗರಿಯ ಹುಳ ಸಾಯಿಸುವ ಎಣ್ಣೆ ಜೇನುಹುಳವನ್ನು ಬಿಡುವುದಿಲ್ಲ. ಸಂಜೆ ಹುಳ ಗೂಡು ಸೇರಿದ ಮೇಲೆ ಹೊಡೆಸಲು ಆಗುವುದಿಲ್ಲವೇ ಎಂದು ಕೇಳಿದೆ. ಡ್ರೋನಿನವನು ಮಧ್ಯಾಹ್ನ ಬೇರೆ ಊರಿಗೆ ಮಾತು ಕೊಟ್ಟಿದ್ದಾನಂತೆ, ಸಂಜೆ ಗಾಳಿಯೂ ಜಾಸ್ತಿಯಂತೆ, ನಾಳೆ ಬಿಟ್ಟರೆ ವಾರದ ಮೇಲೆ ಸಿಗುವುದಂತೆ, ಅಷ್ಟರಲ್ಲಿ ಕಾಯಿಯೊಳಗೆ ಕೀಡೆ ಸೇರಿಬಿಡುತ್ತದಂತೆ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಬೆಳೆ ಅವರದು, ಊರಿನವರೆಲ್ಲ ಸೇರಿ ಮಾಡಿದ ತೀರ್ಮಾನ. ತಮ್ಮ ಸ್ವಂತ ತೊಗರಿ ಹೊಲಕ್ಕೆ ಮಾತ್ರ ಡ್ರೋನ್ ಬೇಡವೆಂದು, ಸಂಜೆ ಬೆನ್ನಿನ ಪಂಪಿನಿಂದ ತಾವೇ ಹೊಡೆದುಕೊಳ್ಳುವುದಾಗಿ ಅವರು ಹೇಳಿದರು. ಅದು ಅವರು ಕೊಡಬಹುದಾದ ಮರ್ಯಾದೆ. ಆದರೆ ಸುತ್ತಲಿನ ಹೊಲಗಳ ಲೆಕ್ಕದಲ್ಲಿ ಅದು ಏನೂ ಅಲ್ಲ.

ಪೆಟ್ಟಿಗೆಗಳನ್ನು ಸ್ಥಳಾಂತರಿಸುವುದೇ ಮೊದಲ ಉಪಾಯ. ನನ್ನ ಗಂಡ ಗೊತ್ತಿದ್ದ ಲಾರಿಯವರಿಗೆಲ್ಲ ಫೋನ್ ಹಚ್ಚಿದರು. ಕಬ್ಬಿನ ಹಂಗಾಮು. ಲಾರಿ, ಟ್ರ್ಯಾಕ್ಟರ್, ಟೆಂಪೋ ಎಲ್ಲ ಕಾರ್ಖಾನೆಗಳ ಮುಂದೆ ಸಾಲು ಹಿಡಿದು ನಿಂತಿದ್ದವು. ಒಬ್ಬ ನಾಳಿದ್ದು ಅಂದ, ಇನ್ನೊಬ್ಬ ನಕ್ಕು ಫೋನ್ ಇಟ್ಟ.

ಎರಡನೆಯ ಉಪಾಯ ಹುಳಗಳನ್ನು ಒಂದೆರಡು ದಿನ ಹೊರಗೆ ಹಾರದಂತೆ ಹಿಡಿದಿಡುವುದು. ಬಾಗಿಲು ಗಟ್ಟಿಯಾಗಿ ಮುಚ್ಚಿದರೆ ಆಗುವುದಿಲ್ಲ. ಸಾವಿರಾರು ಹುಳ ಒಳಗೇ ಕುದಿದು, ಮೇಣದ ಎರಿ ಕರಗಿ, ಸೂರ್ಯ ನೆತ್ತಿಗೆ ಬರುವುದರೊಳಗೆ ಪೆಟ್ಟಿಗೆ ಖಾಲಿ. ಅದಕ್ಕೆ ಒದ್ದೆ ಗೋಣಿತಟ್ಟನ್ನು ಪೆಟ್ಟಿಗೆಯ ಮೇಲಿಂದ ನೆಲದ ತನಕ ಸಡಿಲಾಗಿ ಇಳಿಬಿಡಬೇಕು. ಹುಳ ಬಾಗಿಲ ಹೊರಗೆ ಬಂದು, ಕತ್ತಲೆ ಕಂಡು, ಒದ್ದೆ ಬಟ್ಟೆಯ ಮೇಲೆ ನೀರು ಕುಡಿದು ಒಳಗೆ ಹೋಗುತ್ತವೆ. ಬಟ್ಟೆ ಒಣಗಗೊಡದೆ ನೀರು ಹಾಕುತ್ತಲೇ ಇರಬೇಕು. ಮುಚ್ಚಳದ ಒಂದು ಮಗ್ಗುಲಿಗೆ ಕಡ್ಡಿ ಸಿಗಿಸಿ ಗಾಳಿಗೆ ದಾರಿ ಮಾಡಬೇಕು. ಇದನ್ನೆಲ್ಲ ಅಕ್ಕನೇ ಕಲಿಸಿದ್ದಳು.

ಗೋಣಿತಟ್ಟು ಎಲ್ಲಿದೆ? ನಾನೂ ಯಜಮಾನರ ಹೆಂಡತಿಯೂ ಮನೆಮನೆ ತಿರುಗಿದೆವು. ಎಲ್ಲರ ಮನೆಯಲ್ಲೂ ಇರುವುದು ಪ್ಲಾಸ್ಟಿಕ್ ಚೀಲ. ಅದು ನೀರು ಹಿಡಿಯುವುದಿಲ್ಲ, ಉಸಿರಾಡಲೂ ಬಿಡುವುದಿಲ್ಲ. ಹಳೆಯ ಕಾಳಿನ ಚೀಲ, ದನದ ಮೈಮೇಲೆ ಹಾಕುವ ತಟ್ಟು, ಬಾಗಿಲಿಗೆ ಹಾಸಿದ್ದು, ಎಲ್ಲ ಸೇರಿಸಿದರೂ ಅರ್ಧದಷ್ಟು ಪೆಟ್ಟಿಗೆಗಳಿಗೂ ಸಾಲಲಿಲ್ಲ. ಸೀರೆ ಮಡಿಸಿ ಹಾಕೋಣವೆಂದರೆ ತೆಳು ಬಟ್ಟೆ ಕೊಡ ಇಳಿಸಿ ತಿರುಗುವುದರೊಳಗೆ ಒಣಗುತ್ತದೆ.

ಹಿಂದಿರುಗಿ ಬಂದಾಗ ಹೊತ್ತು ಮುಳುಗುತ್ತಿತ್ತು. ನನ್ನ ಗಂಡ ಡೇರೆಯ ಮುಂದೆ ಕೂತಿದ್ದರು. ಇಷ್ಟು ವರ್ಷ ಅದನ್ನು ಬೈದ ಮನುಷ್ಯ ಅವತ್ತು ಅದರ ಹಗ್ಗವನ್ನು ಬೆರಳಿಗೆ ಸುತ್ತುತ್ತಿದ್ದರು. ಡೇರೆಯ ಕಡೆಗೆ ನೋಡಿದರು, ನನ್ನ ಕಡೆಗೆ ನೋಡಿದರು. ಅಷ್ಟೇ.

ನಾನು ಅಕ್ಕನಿಗೆ ಫೋನ್ ಹಚ್ಚಿದೆ. ಎಣ್ಣೆಯ ವಿಷಯ, ಲಾರಿಯ ವಿಷಯ, ತಟ್ಟಿನ ವಿಷಯ ಹೇಳಿದೆ. ಮುಂದಿನದನ್ನು ನಾನು ಹೇಳಬೇಕಾಗಲಿಲ್ಲ. ಅವಳೇ ಬಹಳ ಮೆಲ್ಲಗೆ ಹೇಳಿದಳು.

“ಒಳಗಿನ ಅರಿವಿಯಿಂದ ಸುರು ಮಾಡು. ಹೊಲಿಗಿ ಬಿಚ್ಚು. ಹರೀಬ್ಯಾಡ. ಬಿಚ್ಚಿದ್ದು ಮತ್ತ ಹೊಲಿಯಾಕ ಬರ್ತೈತಿ.”

ಡೇರೆ ಇಳಿಸಿ, ನೆಲದ ಮೇಲೆ ಹರವಿ, ಇಬ್ಬರೂ ಹೊಲಿಗೆ ಬಿಚ್ಚಲು ಕೂತೆವು. ಹಳದಿ ಪದರ ಕಾರ್ಖಾನೆಯ ಹೊಲಿಗೆ, ಅದು ಸರಸರ ಬಂತು. ಗೋಡೆಗಳಿಗೆ ಬಂದಾಗ ಅಕ್ಕನ ಹೊಲಿಗೆ ಸಿಕ್ಕಿತು. ಮೇಣ ಹಚ್ಚಿದ ದಾರ, ಪ್ರತಿ ನಾಲ್ಕು ಹೊಲಿಗೆಗೆ ಒಂದು ಗಂಟು. ಒಂದು ಗಂಟು ಬಿಚ್ಚಲು ಉಗುರು ಮುರಿಯುತ್ತಿತ್ತು. ಅವಳು ಅದನ್ನು ಎಂದೂ ಬಿಚ್ಚುವುದಕ್ಕಲ್ಲ ಹೊಲಿದಿದ್ದು. ಬೆಳಕು ಪೂರ್ತಿ ಹೋಗುವುದರೊಳಗೆ ಒಂದು ಗೋಡೆಯೂ ಕಳಚಿ ಬರಲಿಲ್ಲ. ಬಿಚ್ಚಿದ ಗೋಡೆಯನ್ನಾದರೂ ಮತ್ತೆ ಪೆಟ್ಟಿಗೆಯ ಅಳತೆಗೆ ತುಂಡು ಮಾಡಲೇಬೇಕಲ್ಲ ಎಂಬುದು ಆಗ ಹೊಳೆಯಿತು. ಅಕ್ಕನಿಗೆ ಅದು ಹೊಳೆದಿರಲಿಲ್ಲವೇ?

ನಾನು ಎದ್ದು ಕುಡುಗೋಲು ತಂದೆ.

ನನ್ನ ಗಂಡ ಬಟ್ಟೆಯನ್ನು ಎರಡೂ ಕಡೆ ಬಿಗಿಯಾಗಿ ಹಿಡಿದರು. ಮೊದಲ ಸೀಳಿಗೆ ಕೈ ಹೋಗಲಿಲ್ಲ. ತೇಪೆಯಿಲ್ಲದ ಜಾಗ ಹುಡುಕಿದೆ. ಆಮೇಲೆ ಹುಡುಕುವುದನ್ನು ಬಿಟ್ಟೆ. ಖಾಕಿ ತೇಪೆ, ಚಕ್ಕಳದ ತುಂಡು, ಎಲ್ಲದರ ಮೇಲೂ ಕುಡುಗೋಲು ಹೋಯಿತು. ಚಾವಣಿ ಮಾತ್ರ ಉಳಿಯಿತು. ಅದಕ್ಕೆ ಮೇಣ ಹಚ್ಚಿದ್ದರಿಂದ ನೀರು ಹಿಡಿಯುವುದಿಲ್ಲ, ತಟ್ಟಿನ ಕೆಲಸಕ್ಕೆ ಬಾರದು. ಅಕ್ಕ ಅಷ್ಟು ವರ್ಷ ಮಳೆಯಿಂದ ನಮ್ಮನ್ನು ಕಾಯಲು ಬಳಿದ ಮೇಣ ಚಾವಣಿಯನ್ನು ಕುಡುಗೋಲಿನಿಂದಲೂ ಕಾಯಿತು. ಬಿಸಿಲಿಗೆ ಮೈಯೊಡ್ಡಿದ್ದ ಪಡುವಣದ ಸಾಲಿಗೆ ಅದನ್ನೇ ನೆರಳಾಗಿ ಕಟ್ಟುವುದೆಂದು ಗೊತ್ತು ಮಾಡಿದೆವು. ಆ ರಾತ್ರಿ ಯಜಮಾನರ ಪಡಸಾಲೆಯಲ್ಲಿ ಮಲಗಿದೆವು.

ಬೋರಿಗೆ ಕರೆಂಟು ಇರುವ ಹೊತ್ತಿನಲ್ಲಿ ಡ್ರಮ್ಮುಗಳನ್ನೆಲ್ಲ ತುಂಬಿಸಿಟ್ಟಿದ್ದೆವು. ಬೆಳಕು ಹರಿಯುವ ಮುಂಚೆ, ಹುಳ ಇನ್ನೂ ಒಳಗಿರುವಾಗಲೇ ತಟ್ಟು ಮತ್ತು ಡೇರೆಯ ತುಂಡುಗಳನ್ನು ನೆನೆಸಿ ಒಂದೊಂದೇ ಪೆಟ್ಟಿಗೆಗೆ ಹೊದಿಸಿದೆವು. ಅಂಚುಗಳ ಮೇಲೆ ಕಲ್ಲು ಹೇರಿದೆವು. ಯಜಮಾನರು ತಮ್ಮ ಬೆನ್ನಿನ ಪಂಪು ತಂದು, ಇದರಿಂದ ನೀರು ಸಿಂಪಡಿಸಿದರೆ ಬೇಗ ಆಗುತ್ತದಲ್ಲ ಎಂದರು. ಪಾಪ, ಒಳ್ಳೆಯ ಮನಸ್ಸು. ಆದರೆ ಅದರ ತಳದಲ್ಲಿ ಹಳೆಯ ಎಣ್ಣೆಯ ಪಸೆ ಇದ್ದೇ ಇರುತ್ತದೆ. ಬೇಡವೆಂದು ಕೊಡದಿಂದಲೇ ಹಾಕಿದೆವು.

ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಡ್ರೋನ್ ಬಂತು. ನಾನು ಹೇಳಿದ್ದಕ್ಕೆ ಅತಿ ದೂರದ ಹೊಲದಿಂದ ಶುರು ಮಾಡಿದರು. ಅದರ ಸದ್ದು ದೊಡ್ಡ ಹುಳದ ಸದ್ದಿನ ಹಾಗೇ ಇತ್ತು. ಅದು ಹತ್ತಿರ ಬಂದಷ್ಟೂ ಪೆಟ್ಟಿಗೆಗಳ ಒಳಗಿನ ಗುಂಯ್‌ ಎಂಬ ದನಿ ಏರುತ್ತ ಹೋಯಿತು. ಬಟ್ಟೆಗೆ ಕಿವಿ ಹಚ್ಚಿದರೆ ಸಾಕು, ಅವುಗಳ ಸಿಟ್ಟು ತಿಳಿಯುತ್ತಿತ್ತು. ನಾವು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನೀರು ಹಾಕುತ್ತಲೇ ಇದ್ದೆವು. ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೋಗುವುದರೊಳಗೆ ಮೊದಲಿನದು ಆರುತ್ತಿತ್ತು. ಗೋಣಿತಟ್ಟಿಗಿಂತ ಡೇರೆಯ ಬಟ್ಟೆಯೇ ಹೆಚ್ಚು ಹೊತ್ತು ನೀರು ಹಿಡಿದದ್ದು. ಗಾಳಿ ಒಮ್ಮೆ ತಿರುಗಿದಾಗ ಸಣ್ಣ ತುಂತುರು ನಮ್ಮ ಮೇಲೂ ಬಂತು. ಚಾವಣಿಯ ಮೇಲೆ ಅದು ಸಣ್ಣ ಹನಿಗಳಾಗಿ ಕೂತಿದ್ದು ಕಂಡಿತು. ಅದೇ ಗಾಳಿಗೆ ಮೂಡಣದ ಸಾಲಿನ ಕೆಲವು ತಟ್ಟುಗಳು ಕಲ್ಲು ಉರುಳಿಸಿ ಹಾರಿದವು. ಓಡಿಹೋಗಿ ಮುಚ್ಚುವುದರೊಳಗೆ ಅಲ್ಲಿನ ಹುಳಗಳು ಹೂವಿನ ಕಡೆಗೆ ಹಾರಿಯಾಗಿತ್ತು.

ಮರುದಿನ ಇಳಿಹೊತ್ತಿಗೆ ಹೊದಿಕೆ ತೆಗೆದೆವು. ಮೂಡಣದ ಆ ಪೆಟ್ಟಿಗೆಗಳ ಮುಂದೆ ಹುಳಗಳು ನಾಲಗೆ ಹೊರಚಾಚಿ ಸತ್ತು ರಾಶಿ ಬಿದ್ದಿದ್ದವು. ಎಂಟು ಪೆಟ್ಟಿಗೆ ಹೋದವು. ಉಳಿದವುಗಳ ಬಾಗಿಲಲ್ಲಿ ಹುಳಗಳು ಗುಂಪುಗುಂಪಾಗಿ ಬಂದು ನಿಂತು, ರೆಕ್ಕೆ ಬೀಸಿ, ಮೈ ಸರಿ ಮಾಡಿಕೊಂಡು, ಒಂದೊಂದಾಗಿ ಹಾರಿದವು. ನನ್ನ ಗಂಡ ನೆಲದ ಮೇಲೆ ಕೂತುಬಿಟ್ಟರು. ನಾನು ನಿಂತೇ ಇದ್ದೆ.

ಡೇರೆಯ ತುಂಡುಗಳನ್ನು ಒಗೆದು ಇಟ್ಟುಕೊಳ್ಳುವ ಆಸೆ ನನಗಿತ್ತು. ಚಾವಣಿಯಂತೂ ಇಡಿಯಾಗಿಯೇ ಇತ್ತು. ಬಿಚ್ಚಿ ಮಡಿಸುವಾಗ ಮುಖದ ಹತ್ತಿರ ಹಿಡಿದೆ. ಮೇಣದ ವಾಸನೆ ಇರಲಿಲ್ಲ. ಗಂಟಲು ಕೆರೆಯುವ ಎಣ್ಣೆಯ ಘಾಟು. ಎಣ್ಣೆ ಬಿದ್ದ ಬಟ್ಟೆಯ ಕೆಳಗೆ ಮಲಗುವಂತಿಲ್ಲ. ಮತ್ತೆ ಬಿಸಿಲಿಗೆ ಹಾಕಿದರೆ ಮೇಣಕ್ಕೆ ಬರುವ ಹುಳಗಳೂ ಉಳಿಯುವುದಿಲ್ಲ. ಸುಟ್ಟರೆ ಹೊಗೆಯೂ ವಿಷವೇ. ನನ್ನ ಗಂಡ ಬೋರಿನಿಂದ ದೂರ, ಬೀಳು ನೆಲದ ಮೂಲೆಯಲ್ಲಿ ಆಳದ ಕುಣಿ ತೋಡಿದರು. ಅವರು ತೋಡಿದಷ್ಟು ಆಳ ಬೇಕಿರಲಿಲ್ಲ. ಎಲ್ಲವನ್ನೂ ಅದರಲ್ಲಿಟ್ಟು ಮಣ್ಣೆಳೆದೆವು. ಒಂದು ಅಂಗೈಯಗಲದ ತುಂಡನ್ನೂ ಇಟ್ಟುಕೊಳ್ಳಲಾಗಲಿಲ್ಲ.

ಅಂದು ಸಂಜೆ ಅಕ್ಕ ಫೋನ್ ಮಾಡಿದಳು. ಎಷ್ಟು ಪೆಟ್ಟಿಗೆ ಉಳಿದವು, ರಾಣಿಗಳು ಇವೆಯೇ, ಸಕ್ಕರೆ ನೀರು ಕೊಟ್ಟಿರಾ ಎಂದು ಕೇಳಿದಳು. ನಾನು ಎರಡನೆಯ ಪ್ರಶ್ನೆಗೆ ಕಾದೆ. ಅವಳು ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಕೇಳುವ ಜಾಗ ಬಂದಾಗ ಸ್ವಲ್ಪ ತಡೆದು, ಊಟ ಆಯಿತೇ ಎನ್ನುತ್ತಿದ್ದಳು. ಕೊನೆಗೆ ನನಗೇ ತಡೆಯಲಾಗಲಿಲ್ಲ. ಬಿಚ್ಚಲಿಲ್ಲ ಅಕ್ಕಾ, ಹರಿದೆ, ಏನೂ ಉಳಿಯಲಿಲ್ಲ ಎಂದೆ.

“ಗೊತ್ತೈತಿ,” ಅಂದಳು. “ಬಿಚ್ಚು ಅಂದಾಗನ ಗೊತ್ತಿತ್ತು, ಹೊತ್ತು ಸಾಲೂದಿಲ್ಲಂತ.”

“ಮತ್ಯಾಕ ಹಂಗ ಹೇಳಿದಿ?”

“ಹರಿ ಅಂತ ನನ್ನ ಬಾಯಿಲೆ ಹೆಂಗ ಹೇಳ್ಲಿ?”



ಲಾರಿ ಸಿಕ್ಕ ಮೇಲೆ ಇಂಡಿಯ ನಿಂಬೆ ತೋಟಕ್ಕೆ ಬಂದೆವು. ನೈಲಾನ್ ಡೇರೆ ಕೊಂಡದ್ದಾಯಿತು. ಹಸಿರು ಬಣ್ಣ, ಒಂದೇ ಕೈಯಲ್ಲಿ ಎತ್ತಬಹುದು, ಬಾಗಿಲಿಗೆ ಜಿಪ್ಪು, ಕಿಟಕಿಗೆ ಸೊಳ್ಳೆ ಜಾಳಿಗೆ. ಅದರೊಳಗೆ ನನಗೆ ಎಷ್ಟೋ ದಿನ ನಿದ್ದೆ ಹತ್ತಲಿಲ್ಲ. ಮುಂಜಾನೆ ಕಣ್ಣು ಬಿಟ್ಟರೆ ಮೈಮೇಲೆಲ್ಲ ಹಸಿರು ಬೆಳಕು. ಮೇಲೆ ಯಾವ ನೆರಳೂ ಇಲ್ಲ. ನೈಲಾನಿನ ಮೇಲೆ ಹುಳಕ್ಕೇನು ಕೆಲಸ?

ನಿಂಬೆ ಹೂವು ಉಕ್ಕಿ ಬಂದ ದಿನಗಳಲ್ಲಿ ಅಕ್ಕ ತಾನು ಬರುತ್ತೇನೆ ಎಂದಳು. ನಾನು ಬೇಡವೇ ಬೇಡ ಎಂದೆ. ಅವಳು ಡಾಕ್ಟರನ್ನು ಕೇಳಿಕೊಂಡೇ ಹೇಳುತ್ತಿದ್ದಳು. ಹುಳ ಕಡಿದರೆ ಚುಚ್ಚುವ ಸೂಜಿ ಕೈಯಲ್ಲೇ ಇರಬೇಕು, ಬಯಲಲ್ಲಿ ಒಂದು ಕ್ಷಣವೂ ನಿಲ್ಲಬಾರದು ಎಂದಿದ್ದರಂತೆ. ಜಾಳಿಗೆಯ ಡೇರೆಯಲ್ಲವೇ, ಒಳಗೆ ಹುಳ ಬರುವುದಿಲ್ಲವಲ್ಲ ಎಂದಳು. ನಿಜ. ಹಳೆಯ ಡೇರೆಗೆ ಬಾಗಿಲೆಂದರೆ ಎರಡು ಸೆರಗು. ಅದು ಇದ್ದಿದ್ದರೆ ಅವಳು ಬರುವ ಮಾತೇ ಇರಲಿಲ್ಲ. ಈ ಯೋಚನೆ ಬಂದಾಗ ನನಗೆ ಏನೆನ್ನಿಸಬೇಕೆಂದೇ ತಿಳಿಯಲಿಲ್ಲ.

ಪೆಟ್ಟಿಗೆಗಳಿಂದ ಬಹಳ ದೂರ, ರಸ್ತೆಗೆ ಹತ್ತಿದ ತೋಟದ ಅಂಚಿನಲ್ಲಿ ಡೇರೆ ಹಾಕಿದೆವು. ಅಕ್ಕ ಆಟೋದಲ್ಲೇ ಮುಸುಕು, ಕೈಗವಸು ಎಲ್ಲ ಹಾಕಿಕೊಂಡು ಕೂತು ಬಂದಳು. ಇಳಿದವಳೇ ನೇರ ಒಳಗೆ. ನಾನೂ ಹೊಕ್ಕು ಜಿಪ್ಪು ಎಳೆದೆ. ಮುಸುಕು ತೆಗೆದು ಡೇರೆಯನ್ನು ಸುತ್ತ ನೋಡಿದಳು. ಮುಟ್ಟಿ ನೋಡಿದಳು. ಮೂಗು ಹತ್ತಿರ ಒಯ್ದಳು.

“ಇದಕ್ಕೇನೂ ವಾಸನೀನ ಇಲ್ಲಲ್ಲ,” ಎಂದಳು. ದೂರಿದ್ದಲ್ಲ, ಸುಮ್ಮನೆ ಹೇಳಿದ್ದು.

ಆಮೇಲೆ ಕಿಟಕಿಯ ಜಾಳಿಗೆಯ ಮುಂದೆ ಕೂತಳು. ಎದುರಿಗೇ ಒಂದು ನಿಂಬೆ ಗಿಡ, ಮೈತುಂಬ ಬಿಳಿ ಹೂವು, ಅದರ ತುಂಬ ನಮ್ಮ ಹುಳ. ಎರಡು ವರ್ಷದ ಮೇಲೆ ಅವಳು ಹುಳ ಕೆಲಸ ಮಾಡುವುದನ್ನು ನೋಡುತ್ತಿದ್ದಳು. ನಾನು ಮಾಡಿಕೊಟ್ಟ ಚಹಾ ಆರಿಹೋಯಿತು. ಒಂದು ಹುಳ ಬಂದು ಜಾಳಿಗೆಯ ಹೊರಮೈ ಮೇಲೆ ಕೂತಿತು. ನಾನು ಸೂಜಿ ಇದ್ದ ಚೀಲವನ್ನು ಹತ್ತಿರ ಎಳೆದುಕೊಂಡೆ. ಅವಳು ಕದಲಲಿಲ್ಲ. ಮುಖ ಹತ್ತಿರ ತಂದು ಅದರ ಹಿಂಗಾಲಿನ ಪರಾಗದ ಉಂಡೆಯನ್ನು ದಿಟ್ಟಿಸಿದಳು.

“ಉಂಡಿ ದೊಡ್ಡದೈತಿ. ಗೂಡಿನ್ಯಾಗ ಮರಿ ಭಾಳ ಅದಾವು, ಇದರ ರಾಣಿ ಛಲೋ ಮೊಟ್ಟಿ ಇಡಾಕತ್ತೈತಿ,” ಎಂದಳು. ಯಾವ ಪೆಟ್ಟಿಗೆಯದೋ ಏನೋ ಎಂದು ತನ್ನಷ್ಟಕ್ಕೆ ಅಂದುಕೊಂಡಳು.

ಬಿಸಿಲು ಇಳಿಯಿತು. ನನ್ನ ಗಂಡ ಆಟೋ ತಂದು ರಸ್ತೆಯಲ್ಲಿ ನಿಲ್ಲಿಸಿ, ಮನಗೂಳಿ ಕಡೆಯ ಬಸ್ಸಿಗೆ ಹೊತ್ತಾಯಿತೆಂದು ಹೊರಗಿನಿಂದಲೇ ಕೂಗಿದರು. ಅಕ್ಕ ಮುಸುಕನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು, ಹಾಕಿಕೊಳ್ಳಲಿಲ್ಲ. ಗಿಡದ ಮೇಲೆ ಇನ್ನೂ ಅಲ್ಲೊಂದು ಇಲ್ಲೊಂದು ಹುಳ ಇದ್ದವು.

“ಒಂದೀಟು ತಡೀರಿ,” ಎಂದಳು. “ಎಲ್ಲಾ ಮನಿಗೆ ಹೋಗ್ಲಿ.”

ಬಸ್ಸು ತಪ್ಪಿದರೆ ತಪ್ಪಲಿ ಎಂದು ನಾನೂ ಅವಳ ಪಕ್ಕ ಕೂತೆ. ಗಿಡ ಖಾಲಿಯಾಗುವ ತನಕ ಇಬ್ಬರೂ ನೋಡುತ್ತಲೇ ಇದ್ದೆವು.